ಕಡೆಯ ಸಲ ಬರೆಸುವ ಹೆಸರು: ಮರಣ ಪ್ರಮಾಣಪತ್ರವನ್ನು ಪಡೆಯುವ ಬಗೆ

ಮನೆಯಲ್ಲಿ ಒಬ್ಬರು ತೀರಿಕೊಂಡ ದಿನ ಆ ಮನೆಯವರಿಗೆ ಕಾಗದಪತ್ರಗಳ ನೆನಪು ಬರುವುದಿಲ್ಲ. ಬರಬೇಕೆಂದು ಅಪೇಕ್ಷಿಸುವುದೂ ತರವಲ್ಲ. ನಂಟರಿಷ್ಟರಿಗೆ ಹೇಳಿಕಳುಹಿಸುವುದು, ದೂರದ ಊರಿನಿಂದ ಬರಬೇಕಾದ ಮಗನಿಗಾಗಿ ಕಾಯುವುದೋ ಬೇಡವೋ ಎಂಬುದನ್ನು ಹಿರಿಯರು ಜಗಲಿಯ ಮೇಲೆ ಕುಳಿತು ನಿರ್ಣಯಿಸುವುದು, ಸ್ಮಶಾನದ ಏರ್ಪಾಟು ಮಾಡುವುದು, ಇವುಗಳಲ್ಲಿ ಹಗಲು ಕಳೆದು, ಅನಂತರದ ದಿನಗಳೆಲ್ಲ ಉತ್ತರಕ್ರಿಯೆಯ ಓಡಾಟದಲ್ಲಿ ಸಂದುಹೋಗುತ್ತವೆ. ಹದಿಮೂರು ದಿನಗಳಾದ ಮೇಲೆ, ಬಂದವರೆಲ್ಲ ಹೊರಟುಹೋಗಿ ಮನೆ ನಿಶ್ಶಬ್ದವಾದಾಗ, ಬ್ಯಾಂಕಿನ ಕಿಂಡಿಯಲ್ಲೋ ಪಿಂಚಣಿಯ ಕಚೇರಿಯಲ್ಲೋ ಯಾರೋ ಒಬ್ಬರು ತಲೆ ಎತ್ತದೆಯೆ ಕೇಳುತ್ತಾರೆ: “ಡೆತ್ ಸರ್ಟಿಫಿಕೇಟು ತಂದಿದ್ದೀರಾ?”

ಆ ಪ್ರಶ್ನೆಗೆ ಉತ್ತರವಾಗಿ ಹಿಡಿದುಕೊಡಬೇಕಾದ ಒಂದು ಹಾಳೆಯನ್ನು ಪಡೆಯುವುದಕ್ಕೆ ನಾನು ಒಮ್ಮೆ ಏಳು ತಿಂಗಳು ತಿರುಗಿದ್ದೇನೆ. ತಪ್ಪು ಯಾವ ಕಚೇರಿಯದೂ ಆಗಿರಲಿಲ್ಲ, ನನ್ನದೇ ಆಗಿತ್ತು. ಅದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ. ಆ ಅಲೆದಾಟದಲ್ಲಿ ನಾನು ಕಲಿತುದು, ಈಚೆಗೆ ಶಾಸನದಲ್ಲಿ ಆಗಿರುವ ಮಾರ್ಪಾಟುಗಳು, ಇವೆರಡನ್ನೂ ಕೂಡಿಸಿ ಬರೆದಿಟ್ಟರೆ ದುಃಖದಲ್ಲಿರುವ ಯಾವುದಾದರೊಂದು ಮನೆಗೆ ಕೆಲವು ದಿನಗಳ ಆಯಾಸವಾದರೂ ತಪ್ಪೀತೆಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಯಾವುದು ಪ್ರಮಾಣಪತ್ರ, ಯಾವುದು ಅಲ್ಲ

ಮೊದಲನೆಯದಾಗಿ, ಮರಣಕ್ಕೆ ಸಂಬಂಧಿಸಿದ ಕಾಗದಗಳೆಲ್ಲ ಮರಣ ಪ್ರಮಾಣಪತ್ರವಲ್ಲವೆಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು. ಆಸ್ಪತ್ರೆಯವರು ರೋಗಿಯ ಕಡೆಯ ದಿನಗಳ ಚಿಕಿತ್ಸೆಯನ್ನು ವಿವರಿಸಿ ಕೊಡುವ ಸಾರಾಂಶವು ಒಂದು. ಯಾವ ಕಾರಣದಿಂದ ಮರಣವಾಯಿತೆಂದು ವೈದ್ಯರು ಸಹಿ ಮಾಡಿ ಕೊಡುವ ವೈದ್ಯಕೀಯ ಪತ್ರವು ಇನ್ನೊಂದು. ದಹನವೋ ದಫನವೋ ನಡೆದುದಕ್ಕೆ ಸ್ಮಶಾನದವರು ಕೊಡುವ ರಸೀತಿಯು ಮತ್ತೊಂದು. ಈ ಮೂರೂ ಅವಶ್ಯವಾದುವೇ, ಜೋಪಾನವಾಗಿ ಇಡತಕ್ಕವೇ. ಆದರೆ ಇವುಗಳಲ್ಲಿ ಯಾವುದನ್ನು ಹಿಡಿದುಕೊಂಡು ಹೋದರೂ ಪಹಣಿಯಲ್ಲಿ ಹೆಸರು ಬದಲಾಗದು, ಜೀವವಿಮೆಯ ಹಣ ಕೈಸೇರದು.

1969ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಜನನ ಮರಣ ನೋಂದಣಿ ಅಧಿನಿಯಮದ ಮೇರೆಗೆ ನೋಂದಣಾಧಿಕಾರಿಯು ಇಟ್ಟಿರುವ ಮರಣದ ರಿಜಿಸ್ಟರಿನಲ್ಲಿ ಆ ಮರಣವು ದಾಖಲಾಗಿ, ಆ ದಾಖಲೆಯಿಂದ ತೆಗೆದು 6ನೆಯ ನಮೂನೆಯಲ್ಲಿ ಕೊಟ್ಟ ಪ್ರತಿಯೊಂದೇ ಮರಣ ಪ್ರಮಾಣಪತ್ರ. ಮರಣವು ಸಂಭವಿಸಿತೆಂಬುದಕ್ಕೆ ಅದು ನ್ಯಾಯಾಲಯದಲ್ಲಿಯೂ ಸಾಕ್ಷ್ಯವಾಗಿ ನಿಲ್ಲತಕ್ಕದ್ದು. ಅದರಲ್ಲಿ ಮೃತರ ಹೆಸರು, ಲಿಂಗ, ಮರಣದ ದಿನಾಂಕ, ಮರಣವಾದ ಸ್ಥಳ, ತಾಯಿ ತಂದೆಯರ ಅಥವಾ ಪತಿ ಪತ್ನಿಯರ ಹೆಸರು, ವಿಳಾಸ, ನೋಂದಣಿಯ ಸಂಖ್ಯೆ ಮತ್ತು ದಿನಾಂಕ ಇರುತ್ತವೆ. ಮರಣದ ಕಾರಣ ಮಾತ್ರ ಇರುವುದಿಲ್ಲ. ಅದು ಕಚೇರಿಯವರ ಮರೆವಿನಿಂದ ಬಿಟ್ಟುಹೋದುದಲ್ಲ. ಸಾರ್ವಜನಿಕರಿಗೆ ಕೊಡುವ ಪ್ರತಿಯಲ್ಲಿ ಕಾರಣವನ್ನು ಪ್ರಕಟಿಸಕೂಡದೆಂದು ಅಧಿನಿಯಮದ 17ನೆಯ ಪ್ರಕರಣವೇ ವಿಧಿಸಿದೆ. ಸತ್ತವರ ಕಾಯಿಲೆಯು ಊರಿನ ಮಾತಾಗಬಾರದೆಂಬ ಈ ಮರ್ಯಾದೆಯನ್ನು ಶಾಸನ ರಚಿಸಿದವರು ಯೋಚಿಸಿಯೇ ಇಟ್ಟಿದ್ದಾರೆ. ಕಾರಣ ತಿಳಿಯಲೇಬೇಕೆಂದು ವಿಮಾ ಸಂಸ್ಥೆ ಮೊದಲಾದವರು ಕೇಳಿದಲ್ಲಿ ಅದಕ್ಕೆ ಆಸ್ಪತ್ರೆಯ ಕಾಗದಗಳೇ ಆಧಾರ. ಅವುಗಳನ್ನು ಇಟ್ಟುಕೊಳ್ಳಬೇಕೆಂದು ಹೇಳಿದುದು ಇದಕ್ಕಾಗಿಯೇ.

ಊರು ಯಾವುದು?

ಮೃತರು ಎಲ್ಲಿ ಬಾಳಿದರು ಎಂಬುದನ್ನು ರಿಜಿಸ್ಟರು ಕೇಳುವುದಿಲ್ಲ. ಎಲ್ಲಿ ಪ್ರಾಣ ಬಿಟ್ಟರು ಎಂಬುದನ್ನು ಕೇಳುತ್ತದೆ. ಇದೊಂದು ಮಾತನ್ನು ಅರಿಯದೆ ಕಚೇರಿಯಿಂದ ಕಚೇರಿಗೆ ಅಲೆಯುವವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಹಾಸನದ ಹತ್ತಿರದ ಹಳ್ಳಿಯಲ್ಲಿ ಎಪ್ಪತ್ತು ವರ್ಷ ಗದ್ದೆ ಮಾಡಿದವರು ಬೆಂಗಳೂರಿನ ಆಸ್ಪತ್ರೆಯಲ್ಲಿ ಎರಡು ದಿನವಿದ್ದು ತೀರಿಕೊಂಡರೆ, ಅವರ ದೇಹವನ್ನು ಊರಿಗೆ ತಂದು ತೋಟದ ಅಂಚಿನಲ್ಲಿಯೇ ಸಂಸ್ಕಾರ ಮಾಡಿದರೂ, ದಾಖಲೆ ಬೆಂಗಳೂರಿನದೇ. ಕಾಶೀಯಾತ್ರೆಗೆ ಹೋದ ಅಜ್ಜಿ ಅಲ್ಲಿಯೇ ದೇಹ ಬಿಟ್ಟರೆ ಪ್ರಮಾಣಪತ್ರವನ್ನು ಕೊಡಬೇಕಾದವರು ವಾರಾಣಸಿಯವರು. ಮುಂಬಯಿಯಲ್ಲಿ ತೀರಿಕೊಂಡ ದಕ್ಷಿಣ ಕನ್ನಡದವರ ದಾಖಲೆಯು ಮುಂಬಯಿಯ ಪಾಲಿಕೆಯಲ್ಲಿ. ಚಲಿಸುತ್ತಿರುವ ರೈಲಿನಲ್ಲಿಯೋ ಬಸ್ಸಿನಲ್ಲಿಯೋ ಮರಣವಾದರೆ ಆ ವಾಹನವು ಮುಂದೆ ಮೊದಲು ನಿಲ್ಲುವ ಸ್ಥಳದಲ್ಲಿ ಅದರ ಮೇಲ್ವಿಚಾರಕರು ವರದಿ ಕೊಡತಕ್ಕದ್ದು.

ವರದಿ ಕೊಡುವ ಹೊಣೆ ಯಾರದೆಂಬುದನ್ನೂ ಶಾಸನವು ವಿಂಗಡಿಸಿದೆ. ಮನೆಯಲ್ಲಿ ಮರಣವಾದರೆ ಮನೆಯ ಯಜಮಾನರದು, ಅವರಿಲ್ಲದಿದ್ದರೆ ಹತ್ತಿರದ ಬಂಧುಗಳದು. ಆಸ್ಪತ್ರೆಯಲ್ಲಿ ಆದರೆ ಆಸ್ಪತ್ರೆಯ ಮುಖ್ಯಸ್ಥರದು. ಛತ್ರ, ಧರ್ಮಶಾಲೆ, ವಸತಿಗೃಹಗಳಲ್ಲಿ ಆದರೆ ಅವುಗಳನ್ನು ನೋಡಿಕೊಳ್ಳುವವರದು. ಆಸ್ಪತ್ರೆಯವರು ತಾವಾಗಿಯೇ ವರದಿ ಕಳುಹಿಸುವರೆಂಬುದು ನಿಜವಾದರೂ, ಅಲ್ಲಿಂದ ಹೊರಡುವ ಮುನ್ನ ಒಂದು ಮಾತು ಕೇಳಿ ಗುರುತು ಮಾಡಿಕೊಳ್ಳುವುದನ್ನು ಮರೆಯಬಾರದು: “ವರದಿ ಯಾವ ನೋಂದಣಿ ಕಚೇರಿಗೆ ಹೋಗುತ್ತದೆ? ಪ್ರಮಾಣಪತ್ರಕ್ಕೆ ನಾವು ಎಲ್ಲಿಗೆ, ಯಾವಾಗ ಬರಬೇಕು?” ಅನೇಕ ಸರಕಾರಿ ಆಸ್ಪತ್ರೆಗಳಲ್ಲಿ ನೋಂದಣಿಯ ಘಟಕವು ಅಲ್ಲಿಯೇ ಇರುತ್ತದೆ; ಖಾಸಗಿ ಆಸ್ಪತ್ರೆಯ ವರದಿ ಆ ಪ್ರದೇಶದ ಪುರಸಭೆಗೋ ಪಾಲಿಕೆಯ ಆರೋಗ್ಯ ವಿಭಾಗಕ್ಕೋ ಹೋಗುತ್ತದೆ. ಹಳ್ಳಿಯ ಮನೆಯಲ್ಲಿ ಆದ ಮರಣಗಳ ದಾಖಲೆ ಬಹುಕಾಲ ಗ್ರಾಮಲೆಕ್ಕಿಗರ ಕೈಯಲ್ಲಿದ್ದಿತು. ಈಗ ಗ್ರಾಮ ಪಂಚಾಯಿತಿಯ ಕಚೇರಿಯಲ್ಲಿ ಅಥವಾ ಗ್ರಾಮ ಆಡಳಿತಾಧಿಕಾರಿಗಳ ಬಳಿ ವಿಚಾರಿಸಿದರೆ ದಾರಿ ತಿಳಿಯುತ್ತದೆ. ಇವೆಲ್ಲಕ್ಕೂ ಮೇಲೆ ಜಿಲ್ಲೆಗೊಬ್ಬರು ಜಿಲ್ಲಾ ನೋಂದಣಾಧಿಕಾರಿಗಳು, ರಾಜ್ಯಕ್ಕೆಲ್ಲ ಒಬ್ಬರು ಮುಖ್ಯ ನೋಂದಣಾಧಿಕಾರಿಗಳು ಇದ್ದಾರೆ. ಕರ್ನಾಟಕದಲ್ಲಿ ಆ ಮುಖ್ಯಸ್ಥಾನವು ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ್ದು.

ಮನೆಯಲ್ಲಿಯೇ ಮರಣವಾದಾಗ ಕಡೆಯ ಕಾಯಿಲೆಯಲ್ಲಿ ನೋಡಿದ ವೈದ್ಯರಿಂದ ಮರಣಕಾರಣದ ಪತ್ರವನ್ನು ಅಂದೇ ಕೇಳಿ ಪಡೆಯಬೇಕು. ಇದಕ್ಕೆ ಅವರು ಶುಲ್ಕ ಪಡೆಯುವಂತಿಲ್ಲ. ಅಪಘಾತವೇ ಮೊದಲಾದ ಅಸಹಜ ಮರಣಗಳಲ್ಲಿ ಪೊಲೀಸರ ಮಹಜರು ಮತ್ತು ಶವಪರೀಕ್ಷೆಯ ವರದಿಗಳ ನಕಲನ್ನೂ ಸಂಗ್ರಹಿಸಿಡಬೇಕು. ಹುಟ್ಟಿ ಕೆಲವು ಗಳಿಗೆಯಷ್ಟೇ ಬದುಕಿದ ಶಿಶುವಿಗೂ ಜನನ, ಮರಣ ಎರಡೂ ಪ್ರತ್ಯೇಕವಾಗಿ ದಾಖಲಾಗಬೇಕೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

21 ದಿನಗಳ ಅವಧಿ

ಮರಣದ ವರದಿಯನ್ನು 21 ದಿನಗಳೊಳಗೆ ಕೊಟ್ಟರೆ ಯಾವ ಶುಲ್ಕವೂ ಇಲ್ಲ, ಯಾರ ಅಪ್ಪಣೆಯೂ ಬೇಕಾಗಿಲ್ಲ. ವರದಿಯನ್ನು ಬಾಯಿಮಾತಿನಲ್ಲಿ ಕೊಟ್ಟರೂ ಬರವಣಿಗೆಯಲ್ಲಿ ಕೊಟ್ಟರೂ ಸಲ್ಲುತ್ತದೆ. ಅದಕ್ಕೆಂದು ಇರುವುದು 2ನೆಯ ನಮೂನೆ. ಹದಿಮೂರನೆಯ ದಿನದ ಸಮಾರಾಧನೆಯನ್ನು ಮುಗಿಸಿ, ಬಾಡಿಗೆಗೆ ತಂದ ಪಾತ್ರೆಗಳನ್ನು ಹಿಂದಿರುಗಿಸಿ, ಮನಸ್ಸು ಒಂದಿಷ್ಟು ತಹಬಂದಿಗೆ ಬಂದ ಮೇಲೆಯೂ ಎಂಟು ದಿನಗಳು ಉಳಿದಿರುತ್ತವಷ್ಟೆ. ಆ ಎಂಟು ದಿನಗಳನ್ನು ಕೈಬಿಡಬಾರದು. ನಲವತ್ತನೆಯ ದಿನದ ಪ್ರಾರ್ಥನೆಯ ಪದ್ಧತಿ ಇರುವ ಮನೆಗಳಲ್ಲಿ ಅದು ಮುಗಿಯಲೆಂದು ಕಾದರೆ ಅವಧಿ ಮೀರಿಹೋಗುತ್ತದೆ. ಆದುದರಿಂದ ಅಂಥವರು ನಡುವೆಯೇ ಒಬ್ಬರನ್ನು ಕಳುಹಿಸತಕ್ಕದ್ದು.

ಅವಧಿ ಮೀರಿದರೆ ದಾರಿ ಮುಚ್ಚಿತೆಂದಲ್ಲ, ದಾರಿ ಉದ್ದವಾಗುತ್ತದೆ. 21 ದಿನ ಕಳೆದು 30 ದಿನಗಳೊಳಗಾದರೆ ತಡವಾದುದಕ್ಕೆ ಅಲ್ಪ ಶುಲ್ಕ ತೆತ್ತರೆ ಸಾಕು. 30 ದಿನಗಳಿಂದ ಒಂದು ವರ್ಷದೊಳಗಾದರೆ ಜಿಲ್ಲಾ ನೋಂದಣಾಧಿಕಾರಿಗಳ ಅಥವಾ ಅದಕ್ಕೆಂದು ನಿಯಮಿಸಲ್ಪಟ್ಟ ಅಧಿಕಾರಿಯ ಲಿಖಿತ ಅನುಮತಿ ಬೇಕು. ಒಂದು ವರ್ಷವೂ ಕಳೆದಿದ್ದರೆ ಮ್ಯಾಜಿಸ್ಟ್ರೇಟರು ವಿಚಾರಿಸಿ, ಮರಣವು ನಿಜವೆಂದು ಮನಗಂಡು, ಆದೇಶ ಕೊಟ್ಟ ಹೊರತು ನೋಂದಣಿಯಾಗದು. ಹಿಂದೆ ಈ ಅಧಿಕಾರ ಪ್ರಥಮ ದರ್ಜೆಯ ಮ್ಯಾಜಿಸ್ಟ್ರೇಟರ ನ್ಯಾಯಾಲಯದ್ದಾಗಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಅದನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್, ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಿದೆ. ಹಳ್ಳಿಯವರಿಗೆ ಇದು ಸಾಮಾನ್ಯವಾದ ಅನುಕೂಲವಲ್ಲ. ವಕೀಲರ ಮನೆಯ ಬಾಗಿಲಿನಲ್ಲಿ ನಿಲ್ಲಬೇಕಾಗಿದ್ದವರು ಈಗ ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಕೊಡುವಂತಾಗಿದೆ.

ಅದೇ ತಿದ್ದುಪಡಿಯು ಮತ್ತೊಂದು ಉಪಕಾರವನ್ನೂ ಮಾಡಿದೆ. ನೋಂದಣಿ ಮುಗಿದ ಮೇಲೆ 7 ದಿನಗಳೊಳಗಾಗಿ, ವರದಿ ಕೊಟ್ಟವರಿಗೆ ಪ್ರಮಾಣಪತ್ರದ ಒಂದು ಪ್ರತಿಯನ್ನು ಉಚಿತವಾಗಿ ಕೊಡುವುದು ನೋಂದಣಾಧಿಕಾರಿಯ ಕರ್ತವ್ಯವಾಗಿದೆ. ಮೊದಲ ಪ್ರತಿಗೆ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಹೆಸರು ಯಾವುದು?

ಈಗ ನನ್ನ ತಪ್ಪನ್ನು ಹೇಳುತ್ತೇನೆ. ನನ್ನ ಸೋದರಮಾವನವರು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಸುಕಿನ ಮೂರು ಗಂಟೆಗೆ ತೀರಿಕೊಂಡರು. ಮಕ್ಕಳು ದಾರಿಯಲ್ಲಿದ್ದರು, ಅತ್ತೆಯವರು ಕೆಳಗಿನ ಬೆಂಚಿನ ಮೇಲೆ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಕುಳಿತಿದ್ದರು. ಆಸ್ಪತ್ರೆಯ ಗುಮಾಸ್ತರು ನಮೂನೆಯನ್ನು ಮುಂದಿಟ್ಟು “ಪೇಷೆಂಟ್ ಹೆಸರು ಹೇಳಿ” ಎಂದಾಗ, ನಾನು ಹುಟ್ಟಿದಂದಿನಿಂದ ಕೇಳಿದ ಹೆಸರನ್ನೇ ಹೇಳಿದೆ: ಸುಬ್ಬಣ್ಣ. ತಂದೆಯ ಹೆಸರನ್ನೂ ಊರಿನವರು ಕರೆಯುತ್ತಿದ್ದಂತೆಯೇ ಹೇಳಿದೆ. ಅವರು ಬರೆದುಕೊಂಡರು, ನಾನು ಓದದೆ ಸಹಿ ಮಾಡಿದೆ. ಪಹಣಿಯಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ, ಪಿಂಚಣಿಯ ಆದೇಶದಲ್ಲಿ ಅವರು ಸುಬ್ರಹ್ಮಣ್ಯಯ್ಯನವರಾಗಿದ್ದರು. ಹೀಗಾಗಿ, ಸರಕಾರದ ದೃಷ್ಟಿಯಲ್ಲಿ ಸತ್ತವರು ಒಬ್ಬರು, ಜಮೀನಿನ ಒಡೆಯರು ಇನ್ನೊಬ್ಬರು. ಆ ಇಬ್ಬರೂ ಒಬ್ಬರೇ ಎಂದು ರುಜುವಾತು ಮಾಡುವುದಕ್ಕೆ ನನಗೆ ಏಳು ತಿಂಗಳು ಹಿಡಿಯಿತು.

ನಮ್ಮ ನಾಡಿನಲ್ಲಿ ಒಬ್ಬೊಬ್ಬರಿಗೂ ಎರಡು ಮೂರು ಹೆಸರುಗಳು. ಮನೆಯಲ್ಲಿ ಕರೆಯುವುದು ಪುಟ್ಟಮ್ಮ, ಶಾಲೆಯ ದಾಖಲೆಯಲ್ಲಿ ಲಕ್ಷ್ಮೀದೇವಮ್ಮ, ಮದುವೆಯಾದ ಮೇಲೆ ಗಂಡನ ಮನೆಯವರು ಇಟ್ಟ ಹೆಸರು ಬೇರೆ. ಊರಿನ ಹೆಸರಿನ ಮೊದಲಕ್ಷರ ಒಂದು ಕಾಗದದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ‘ಅಪ್ಪ’, ‘ಅಯ್ಯ’, ‘ಗೌಡ’, ‘ಬಾಯಿ’, ‘ಸಾಬ್’ ಎಂಬ ಗೌರವದ ಬಾಲಗಳು ಬಾಯಿಮಾತಿನಲ್ಲಿ ಬರುತ್ತವೆ, ಬರಹದಲ್ಲಿ ಹೋಗುತ್ತವೆ. ಕನ್ನಡದಲ್ಲಿ ಸರಿಯಾಗಿರುವ ಹೆಸರು ಇಂಗ್ಲಿಷಿನ ಅಕ್ಷರಗಳಲ್ಲಿ ಒಂದೊಂದು ಕಚೇರಿಯಲ್ಲಿ ಒಂದೊಂದು ಬಗೆ. ಪ್ರಮಾಣಪತ್ರವು ಎರಡು ಭಾಷೆಗಳಲ್ಲಿಯೂ ಬರುವುದರಿಂದ ಎರಡರಲ್ಲಿಯೂ ನೋಡಿಕೊಳ್ಳಬೇಕು.

ಆದುದರಿಂದ, ಕಚೇರಿಗೋ ಆಸ್ಪತ್ರೆಯ ಕಿಂಡಿಗೋ ಹೋಗುವ ಮೊದಲು ಒಂದು ಬಿಳಿ ಹಾಳೆಯ ಮೇಲೆ ಮೃತರ ಹೆಸರನ್ನು ಆಧಾರ್ ಚೀಟಿ, ಪಹಣಿ, ಬ್ಯಾಂಕಿನ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಬರೆಯಿರಿ. ಕೆಳಗೆ ತಂದೆ, ತಾಯಿ, ಪತಿ ಅಥವಾ ಪತ್ನಿಯ ಪೂರ್ಣ ಹೆಸರುಗಳನ್ನು, ಮರಣ ಕಾಲದ ವಿಳಾಸವನ್ನು, ಖಾಯಂ ವಿಳಾಸವನ್ನು ಬರೆಯಿರಿ. ದಾಖಲೆಗಳಲ್ಲಿ ಪರಸ್ಪರ ಭೇದವಿದ್ದರೆ ಆಸ್ತಿಯ ಪತ್ರಗಳಲ್ಲಿರುವ ರೂಪವನ್ನೂ ಗುರುತಿನ ಚೀಟಿಯಲ್ಲಿರುವ ರೂಪವನ್ನೂ ನೋಂದಣಾಧಿಕಾರಿಗೆ ತೋರಿಸಿ, ಯಾವುದನ್ನು ಬರೆಸಬೇಕೆಂಬುದನ್ನು ಅಲ್ಲಿಯೇ ವಿಚಾರಿಸಿ ನಿಶ್ಚಯಿಸಿಕೊಳ್ಳಿರಿ. ಆ ಹಾಳೆಯನ್ನೇ ಗುಮಾಸ್ತರ ಕೈಗೆ ಕೊಡಿರಿ, ಬಾಯಲ್ಲಿ ಹೇಳಬೇಡಿರಿ. ಅವರು ತುಂಬಿದ ನಮೂನೆಯನ್ನು ಅಕ್ಷರ ಅಕ್ಷರವಾಗಿ ಓದಿ ಅನಂತರ ಸಹಿ ಮಾಡಿರಿ.

ದಿನಾಂಕದ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ಪಂಚಾಂಗದ ದಿನವು ಸೂರ್ಯೋದಯದಿಂದ ಸೂರ್ಯೋದಯಕ್ಕೆ. ರಿಜಿಸ್ಟರಿನ ದಿನವು ನಡುರಾತ್ರಿಯಿಂದ ನಡುರಾತ್ರಿಗೆ. ನಸುಕಿನ ಮೂರು ಗಂಟೆಗೆ ತೀರಿಕೊಂಡವರ ಮರಣವನ್ನು ಮನೆಯ ಹಿರಿಯರು ಹಿಂದಿನ ದಿನದ ವಾರದ ಹೆಸರಿನಿಂದ ಹೇಳುವುದು ಸಹಜ. ಆದರೆ ಶ್ರಾದ್ಧಕ್ಕೆ ಹಿಡಿಯುವ ಲೆಕ್ಕವನ್ನು ನಮೂನೆಗೆ ತಂದರೆ ಆಸ್ಪತ್ರೆಯ ಕಾಗದಕ್ಕೂ ಪ್ರಮಾಣಪತ್ರಕ್ಕೂ ಒಂದು ದಿನದ ಅಂತರ ಬಿದ್ದು, ವಿಮೆಯವರು ಅದನ್ನೇ ಹಿಡಿದು ಪ್ರಶ್ನಿಸುವಂತಾಗುತ್ತದೆ.

ಹೆಚ್ಚಿನ ಪ್ರತಿಗಳು

ಒಂದೇ ಪ್ರತಿಯಿಂದ ಕೆಲಸ ಸಾಗುವುದು ಅಪರೂಪ. ಪೌತಿ ಖಾತೆಗೆ ಒಂದು, ಬ್ಯಾಂಕು ಮತ್ತು ಅಂಚೆ ಕಚೇರಿಗಳಿಗೆ ಒಂದೊಂದು, ಜೀವವಿಮೆಗೆ ಒಂದು, ಕುಟುಂಬ ಪಿಂಚಣಿಗೆ ಒಂದು, ವಂಶವೃಕ್ಷ ಮಾಡಿಸುವುದಕ್ಕೆ ಒಂದು, ವಿಧವಾ ವೇತನದ ಅರ್ಜಿಗೆ ಒಂದು, ಹೀಗೆ ಬೇಡಿಕೆ ಬೆಳೆಯುತ್ತದೆ. ಬಹಳ ಕಡೆ ಮೂಲಪ್ರತಿಯನ್ನು ತೋರಿಸಿ ಸ್ವಯಂದೃಢೀಕರಿಸಿದ ಜೆರಾಕ್ಸ್ ಕೊಟ್ಟರೆ ಸಾಕು. ಕೆಲವು ಕಡೆ ನೋಂದಣಾಧಿಕಾರಿಯೇ ಕೊಟ್ಟ ಪ್ರತಿಯನ್ನು ಕೇಳುತ್ತಾರೆ. ನನ್ನ ಅನುಭವದಲ್ಲಿ ಅಧಿಕೃತ ಪ್ರತಿಗಳು ನಾಲ್ಕೈದು ಇದ್ದರೆ ಸಾಮಾನ್ಯ ಸಂಸಾರಕ್ಕೆ ಸಾಕಾಗುತ್ತದೆ.

ಹೆಚ್ಚಿನ ಪ್ರತಿಗಳಿಗೆ ನೋಂದಣಿಯಾದ ಕಚೇರಿಯಲ್ಲಿ ಅರ್ಜಿ ಕೊಟ್ಟು, ನಿಗದಿಯಾದ ಶುಲ್ಕ ಕಟ್ಟಿ, ರಸೀತಿ ಪಡೆಯಬೇಕು. ಈಗ ದಾಖಲೆಗಳನ್ನು ‘ಇ-ಜನ್ಮ’ ಎಂಬ ಗಣಕ ವ್ಯವಸ್ಥೆಯಲ್ಲಿ ತುಂಬುತ್ತಿರುವುದರಿಂದ ಈಚಿನ ವರ್ಷಗಳ ಪ್ರತಿಗಳನ್ನು ನಾಡಕಚೇರಿಗಳಲ್ಲಿ, ನಗರಗಳಲ್ಲಾದರೆ ಬೆಂಗಳೂರು ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲಿ ವಿಚಾರಿಸಿ ಪಡೆಯುವ ಅನುಕೂಲವೂ ಉಂಟು. ಅರ್ಜಿಯಲ್ಲಿ ನೋಂದಣಿ ಸಂಖ್ಯೆಯನ್ನು ಬರೆದರೆ ಕೆಲಸ ಶೀಘ್ರವಾಗುತ್ತದೆ. ಸಂಖ್ಯೆ ತಿಳಿಯದಿದ್ದರೆ ಹೆಸರು, ಮರಣದ ದಿನಾಂಕ, ಸ್ಥಳಗಳನ್ನು ಕೊಟ್ಟು ರಿಜಿಸ್ಟರನ್ನು ಹುಡುಕಿಸುವ ಹಕ್ಕು ಶಾಸನದಲ್ಲಿಯೇ ಇದೆ; ಅದಕ್ಕೆ ಹುಡುಕುವ ಶುಲ್ಕ ಬೇರೆ.

ಅರ್ಜಿ ಕೊಟ್ಟೆಡೆಯಲ್ಲೆಲ್ಲ ಸ್ವೀಕೃತಿಯನ್ನು ಕೇಳಿರಿ. 2011ರ ಸಕಾಲ ಅಧಿನಿಯಮದ ಪ್ರಕಾರ ಆ ಚೀಟಿಯಲ್ಲಿ ಒಂದು ಸಂಖ್ಯೆಯೂ ಕೆಲಸ ಮುಗಿಯಬೇಕಾದ ದಿನವೂ ಇರುತ್ತವೆ. ಅಕಾರಣವಾಗಿ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರ ಸಲ್ಲಬೇಕೆಂಬುದು ಆ ಶಾಸನದ ವಿಧಿ. ಪರಿಹಾರದ ಮೊತ್ತವು ಅಲ್ಪವೇ. ಆದರೆ ಕೈಯಲ್ಲಿ ಆ ಸಂಖ್ಯೆ ಇರುವವರನ್ನು “ನಾಳೆ ಬನ್ನಿ” ಎಂದು ಕಳುಹಿಸುವುದು ಸುಲಭವಲ್ಲ. ಕಚೇರಿಯ ಹೊರಗೆ ನಿಂತು “ನಾನು ಮಾಡಿಸಿಕೊಡುತ್ತೇನೆ” ಎನ್ನುವ ದಲ್ಲಾಳಿಗಳ ಸಹವಾಸಕ್ಕೆ ಹೋಗಲೇಬಾರದು. ಅವರು ತಂದುಕೊಟ್ಟ ಹಾಳೆಯು ನಿಜವಾದ ರಿಜಿಸ್ಟರಿನಿಂದ ಬಂದುದಲ್ಲವೆಂದು ಮುಂದೊಂದು ದಿನ ತಿಳಿದರೆ, ಅದನ್ನು ನಂಬಿ ಆದ ಖಾತೆಯೂ ಕುಸಿಯುತ್ತದೆ, ಕೊಟ್ಟವರ ಮೇಲೆ ಅಪರಾಧವೂ ಬೀಳುತ್ತದೆ.

ಹಳೆಯ ಮರಣ, ಸಿಗದ ದಾಖಲೆ

ತಾತನ ಹೆಸರಿನಲ್ಲಿಯೇ ಉಳಿದ ಜಮೀನನ್ನು ಮೊಮ್ಮಕ್ಕಳು ಭಾಗ ಮಾಡಿಕೊಳ್ಳಹೊರಟಾಗ ಈ ಕಷ್ಟ ಎದುರಾಗುತ್ತದೆ. ಮರಣದ ರಿಜಿಸ್ಟರುಗಳು ಶಾಶ್ವತವಾಗಿ ರಕ್ಷಿಸಬೇಕಾದ ದಾಖಲೆಗಳು. ವರ್ಷ ಮುಗಿದು ಮತ್ತೆ ಹನ್ನೆರಡು ತಿಂಗಳಾದ ಮೇಲೆ ಅವು ನೋಂದಣಾಧಿಕಾರಿಯ ಕೈಯಿಂದ ಸುರಕ್ಷಿತ ಸಂಗ್ರಹಕ್ಕೆ ಹೋಗುತ್ತವೆ. ಆದುದರಿಂದ ಹಳ್ಳಿಯ ಹಳೆಯ ಮರಣಗಳನ್ನು ತಾಲ್ಲೂಕು ಕಚೇರಿಯ ದಾಖಲೆಗಳ ಕೊಠಡಿಯಲ್ಲಿ ಹುಡುಕಿಸಬೇಕು. ಇಸವಿ ನಿಶ್ಚಯವಾಗಿ ತಿಳಿಯದಿದ್ದರೆ ಹಿಂದುಮುಂದಿನ ಎರಡು ಮೂರು ವರ್ಷಗಳನ್ನೂ ನೋಡಬೇಕೆಂದು ಅರ್ಜಿಯಲ್ಲಿಯೇ ಬರೆಯುವುದು ಲೇಸು. ಹಿರಿಯರು ಇಸವಿ ಹೇಳಲಾರರು. ‘ಕೆರೆ ಒಡೆದ ವರ್ಷ’, ‘ದೊಡ್ಡ ಮಗಳ ಮದುವೆಯ ಮಾರನೆಯ ವರ್ಷ’ ಎನ್ನುತ್ತಾರೆ. ಆ ಮಾತಿನಿಂದಲೇ ಇಸವಿಯನ್ನು ಲೆಕ್ಕ ಹಾಕಿಕೊಳ್ಳಬೇಕಾಗುತ್ತದೆ.

ಹುಡುಕಿದರೂ ದೊರೆಯದಿದ್ದಾಗ, ಆ ಮರಣವು ರಿಜಿಸ್ಟರಿನಲ್ಲಿ ದಾಖಲಾಗಿಲ್ಲವೆಂದು 10ನೆಯ ನಮೂನೆಯಲ್ಲಿ ಬರೆಸಿಕೊಳ್ಳಬೇಕು. ಕಚೇರಿಗಳಲ್ಲಿ ಇದನ್ನು ‘ಅಲಭ್ಯ ಪ್ರಮಾಣಪತ್ರ’ವೆನ್ನುತ್ತಾರೆ. ಸಿಗಲಿಲ್ಲವೆಂಬ ಈ ಪತ್ರವೇ ಮುಂದಿನ ಮೆಟ್ಟಿಲು. ಇದರೊಡನೆ ಆಸ್ಪತ್ರೆಯ ಕಾಗದ, ಸ್ಮಶಾನದ ರಸೀತಿ, ಚರ್ಚಿನ ಸಮಾಧಿಯ ದಾಖಲೆ, ಪಿಂಚಣಿ ನಿಂತುದರ ಆದೇಶ, ಊರಿನ ಹಿರಿಯರ ಹೇಳಿಕೆ ಮುಂತಾಗಿ ದೊರೆತಷ್ಟು ಆಧಾರಗಳನ್ನು ಕೂಡಿಸಿ, ಮೇಲೆ ಹೇಳಿದ ಮ್ಯಾಜಿಸ್ಟ್ರೇಟರಲ್ಲಿ ಅರ್ಜಿ ಹಾಕತಕ್ಕದ್ದು. ಆದೇಶ ಬಂದ ಮೇಲೆ ಮರಣವಾದ ಸ್ಥಳದ ನೋಂದಣಾಧಿಕಾರಿಯೇ ಅದನ್ನು ದಾಖಲಿಸಿ ಪ್ರಮಾಣಪತ್ರ ಕೊಡುತ್ತಾರೆ.

ಮನೆ ಬಿಟ್ಟು ಹೋಗಿ ಹಿಂದಿರುಗದವರ ವಿಷಯ ಇದಕ್ಕಿಂತಲೂ ನೋವಿನದು. ಬದುಕಿದ್ದರೆ ಯಾರಿಗೆ ಸುದ್ದಿ ತಿಳಿಯುವುದು ಸಹಜವೋ ಅವರಿಗೆ ಏಳು ವರ್ಷಗಳ ಕಾಲ ಸುದ್ದಿಯೇ ಇಲ್ಲದಿದ್ದರೆ, ಸಾಕ್ಷ್ಯ ಶಾಸನದ ಮೇರೆಗೆ ಮರಣವನ್ನು ಊಹಿಸಲು ನ್ಯಾಯಾಲಯಕ್ಕೆ ಆಸ್ಪದವಿದೆ. ಕಾಣೆಯಾದ ದಿನವೇ ಪೊಲೀಸರಿಗೆ ಕೊಟ್ಟ ದೂರಿನ ನಕಲು ಆ ಮನೆಗೆ ಮುಂದೆ ಬಹುದೊಡ್ಡ ಆಧಾರವಾದೀತು. ವಿದೇಶದಲ್ಲಿ ಮರಣವಾದ ಭಾರತೀಯರ ವಿಷಯದಲ್ಲಿಯಾದರೋ, ಆ ದೇಶದ ಅಧಿಕಾರಿಗಳು ಕೊಟ್ಟ ಮೂಲಪತ್ರವನ್ನು ಕೈಬಿಡದೆ, ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿಯೂ ಮರಣವನ್ನು ದಾಖಲಿಸಬೇಕು. ಕೊಲ್ಲಿಯ ದೇಶಗಳಲ್ಲಿ ದುಡಿಯುವವರ ಮನೆಯವರು ಇದನ್ನು ಅವಶ್ಯ ತಿಳಿದಿರತಕ್ಕದ್ದು.

ತಪ್ಪಾಗಿದ್ದರೆ

ರಿಜಿಸ್ಟರಿನಲ್ಲಿ ಬರೆದುದನ್ನು ಅಳಿಸಲು ನೋಂದಣಾಧಿಕಾರಿಗೂ ಅಧಿಕಾರವಿಲ್ಲ. ತಪ್ಪೆಂದು ಸಿದ್ಧವಾದಾಗ ಮೂಲಬರಹವನ್ನು ಹಾಗೆಯೇ ಉಳಿಸಿ, ಅದರ ಮಗ್ಗುಲಿನ ಅಂಚಿನಲ್ಲಿ ಸರಿಯಾದುದನ್ನು ಬರೆದು, ಸಹಿಯನ್ನೂ ದಿನಾಂಕವನ್ನೂ ಹಾಕಬೇಕೆಂದು 15ನೆಯ ಪ್ರಕರಣವು ಹೇಳುತ್ತದೆ. ಬರೆಯುವವರ ಕೈತಪ್ಪಿನಿಂದ ಆದುದನ್ನು ಅವರು ವಿಚಾರಿಸಿ ತಿದ್ದಬಲ್ಲರು. ವಿಷಯದಲ್ಲಿಯೇ ತಪ್ಪಿದ್ದರೆ, ಅಂದರೆ ಹೆಸರೋ ದಿನಾಂಕವೋ ಬೇರೆಯೇ ಆಗಿದ್ದರೆ, ನಿಜಸ್ಥಿತಿಯನ್ನು ಬಲ್ಲ ವಿಶ್ವಾಸಾರ್ಹರಾದ ಇಬ್ಬರ ಘೋಷಣೆಯನ್ನು ಆಧಾರಗಳೊಡನೆ ಸಲ್ಲಿಸಬೇಕು. ನೋಂದಣಾಧಿಕಾರಿಯ ನಿರ್ಧಾರ ನ್ಯಾಯವಲ್ಲವೆಂದು ತೋರಿದರೆ 30 ದಿನಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನು 2023ರ ತಿದ್ದುಪಡಿಯು ಪ್ರಜೆಗೆ ಕೊಟ್ಟಿದೆ. ತಿದ್ದುಪಡಿಯಾದ ಮೇಲೆ ಹೊಸ ಪ್ರತಿಗಳನ್ನು ಪಡೆದು, ತಪ್ಪಿರುವ ಹಳೆಯ ಪ್ರತಿಗಳನ್ನು ಮತ್ತೆ ಯಾರ ಕೈಗೂ ಕೊಡದಂತೆ ಬೇರೆ ಇಡಬೇಕು.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಮೂಲಪ್ರತಿಯನ್ನು ಎಲ್ಲಿಯೂ ಬಿಟ್ಟುಬರಬೇಡಿರಿ. ಅನಿವಾರ್ಯವಾಗಿ ಕೊಡಬೇಕಾದರೆ ಕೊಟ್ಟುದಕ್ಕೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಯಾವ ಕಚೇರಿಗೆ ಯಾವ ದಿನ ಪ್ರತಿ ಕೊಟ್ಟಿರೆಂಬುದನ್ನು ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಿರಿ. ಜಮೀನಿದ್ದವರು ಪೌತಿ ಖಾತೆಯ ಅರ್ಜಿಯನ್ನು ವರ್ಷಗಟ್ಟಲೆ ಮುಂದೂಡಬಾರದು. ಒಂದು ತಲೆಮಾರಿನಲ್ಲಿ ಒಂದು ಹಾಳೆಯಿಂದ ಮುಗಿಯುವ ಕೆಲಸಕ್ಕೆ ಮುಂದಿನ ತಲೆಮಾರಿನಲ್ಲಿ ಐದಾರು ಮರಣಗಳ ಪ್ರಮಾಣಪತ್ರಗಳು ಬೇಕಾಗುತ್ತವೆ. ಮತದಾರರ ಪಟ್ಟಿಯಿಂದ ಹೆಸರು ತೆಗೆಸಲು 7ನೆಯ ನಮೂನೆ ಇದೆ. ಪಡಿತರ ಚೀಟಿಯಲ್ಲಿಯೂ ತಿಳಿಸಬೇಕು.

ಅತ್ತೆಯವರು ಹೇಳಿದ ಮಾತು

ಸೋದರಮಾವನವರ ಹೆಸರನ್ನು ತಿದ್ದಿಸುವುದಕ್ಕೆ ಆಧಾರಗಳನ್ನು ಹುಡುಕುತ್ತಿದ್ದಾಗ ಅತ್ತೆಯವರು ಒಳಗಿನಿಂದ ತಮ್ಮ ಮದುವೆಯ ಲಗ್ನಪತ್ರಿಕೆಯನ್ನು ತಂದುಕೊಟ್ಟರು. ಅರಿಸಿನ ಸವರಿದ ಅಂಚು ಮಾಸಿಹೋಗಿದ್ದ ಆ ಕಾಗದದಲ್ಲಿ ಹೆಸರು ಪೂರ್ತಿಯಾಗಿ, ತಂದೆಯ ಹೆಸರು ಸಹಿತವಾಗಿ, ಅಚ್ಚಾಗಿತ್ತು. “ನಿಮಗೆ ಇದು ಗೊತ್ತಿತ್ತೇ ಅತ್ತೆ? ಅಂದು ಆಸ್ಪತ್ರೆಯಲ್ಲಿ ಹೇಳಬಾರದಿತ್ತೇ?” ಎಂದೆ. ಅವರು ಹೇಳಿದರು: “ಅವರ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲಪ್ಪ. ಆದರೆ ಬರೆದುಕೊಡಿ ಅಂತ ಒಂದು ಕಾಗದ ಕೊಟ್ಟಿದ್ದರೆ ಬರೆದುಕೊಡುತ್ತಿದ್ದೆ. ನೀವು ಯಾರೂ ನನ್ನನ್ನು ಕೇಳಲೇ ಇಲ್ಲ.”

ಆ ಮಾತು ನನ್ನ ಮನಸ್ಸಿನಲ್ಲಿ ಇಂದಿಗೂ ನಿಂತಿದೆ. ನಲವತ್ತೆಂಟು ವರ್ಷ ಅವರೊಡನೆ ಬಾಳಿದವರು ಕೆಳಗಿನ ಬೆಂಚಿನ ಮೇಲೆ ಕುಳಿತಿದ್ದರು. ನಾವು ಗಂಡಸರು ಅವರಿಗೆ ತೊಂದರೆಯಾಗಬಾರದೆಂದು ಎಲ್ಲವನ್ನೂ ಮೇಲೆಯೇ ಮುಗಿಸಿದೆವು. ಆದುದರಿಂದ ಓದುಗರಲ್ಲಿ ನನ್ನ ಪ್ರಾರ್ಥನೆಯೊಂದುಂಟು. ನಮೂನೆಯನ್ನು ತುಂಬುವ ಮೊದಲು ಆ ಹಾಳೆಯನ್ನು ಹೆಂಡತಿಯಾದವಳ ಕೈಗೆ, ಗಂಡನಾದವನ ಕೈಗೆ, ತಾಯಿಯ ಕೈಗೆ ಒಮ್ಮೆ ಕೊಡಿರಿ. ಮತ್ತು ಮನೆಯಲ್ಲಿ ಹಿರಿಯರು ಇನ್ನೂ ನಮ್ಮೊಡನೆ ಇರುವಾಗಲೇ, ಒಂದು ಸಂಜೆ ಬಿಡುವಾಗಿ ಅವರ ಹತ್ತಿರ ಕುಳಿತು, “ನಿಮ್ಮ ಪೂರ್ಣ ಹೆಸರನ್ನು ನೀವೇ ಬರೆದುಕೊಡಿ” ಎಂದು ಕೇಳಿ, ಅವರ ತಂದೆ ತಾಯಿಯರ ಹೆಸರುಗಳೊಡನೆ ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿರಿ. ಅಮಂಗಳವೆಂದು ಹಿಂಜರಿಯಬೇಡಿರಿ, ತಮ್ಮ ಹೆಸರನ್ನು ಕೇಳಿ ಬರೆಸಿಕೊಂಡ ಮಕ್ಕಳ ಮೇಲೆ ಯಾವ ಹಿರಿಯರೂ ಮುನಿಯಲಾರರು.

ತಿದ್ದಿದ ಪ್ರಮಾಣಪತ್ರವನ್ನು ತಂದ ದಿನ ಅದನ್ನು ಮೊದಲು ಅತ್ತೆಯವರಿಗೇ ಕೊಟ್ಟೆ. ಕನ್ನಡಕ ಹಾಕಿಕೊಂಡು, ಹೆಸರಿನ ಮೇಲೆ ಬೆರಳಿಟ್ಟು, ಒಂದೊಂದಾಗಿ ಅಕ್ಷರಗಳನ್ನು ದಾಟುತ್ತ ಕೊನೆಯವರೆಗೂ ಓದಿದರು. ಬಾಯಲ್ಲಿ ಹೇಳಲಿಲ್ಲ. “ಸರಿಯಾಗಿದೆ” ಎಂದಷ್ಟೇ ನುಡಿದು, ಲಗ್ನಪತ್ರಿಕೆಯ ಮಡಿಕೆಯೊಳಗೆ ಅದನ್ನು ಸೇರಿಸಿ ಪೆಟ್ಟಿಗೆಯಲ್ಲಿಟ್ಟರು.